ಮನೆಗೊಂದು ಬಿರುಕು

ಭೂಕಂಪದ ಮುಂದೆ ಎಲ್ಲ ನಾಗರಿಕರೂ ಸಮಾನರು ಎಂಬುದು ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಸಂಯುಕ್ತ ನೆಲಸ್ಥಿರತಾ ಮಂಡಳಿಯ ಮೂಲ ತತ್ವವಾಗಿದೆ. ಈ ತತ್ವವನ್ನು ಭೂಕಂಪಕ್ಕೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಆದಕಾರಣ ಕಳೆದ ಚಳಿಗಾಲದ ಒಂದು ಸೋಮವಾರ, ಮಂಡಳಿಯ ಸಿಬ್ಬಂದಿ ಮೊದಲ ಚಹಾ ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದ ಹೊತ್ತಿನಲ್ಲಿ, ಸವಣೂರಿನ ನೆಲ ಸ್ವಲ್ಪ ಅಲುಗಾಡಿ ಸುಮ್ಮನಾದಾಗ ಹಾನಿಯ ಹಂಚಿಕೆಯಲ್ಲಿ ಗಂಭೀರ ತಾರತಮ್ಯ ಕಂಡುಬಂತು.

ಹೊಂಡದ ಓಣಿಯ ಬಲಗಡೆ ಇರುವ, ಮಂಡಳಿಯ ಸ್ವಂತ ಕಟ್ಟಡವಾದ ಸ್ಥಿರತಾ ಭವನ ಕೆಳಗಿನಿಂದ ಮೇಲಿನವರೆಗೆ ಬಿರುಕು ಬಿಟ್ಟಿತು. ಅದರ ಎದುರಿಗೇ ಎಡಗಡೆ ಇರುವ ಸರೋಜವ್ವನ ಹಂಚಿನ ಮನೆಯಲ್ಲಿ ಒಂದು ಡಬ್ಬಿಯ ಮುಚ್ಚಳ ಬಿತ್ತು. ಸರೋಜವ್ವ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಮತ್ತೆ ಡಬ್ಬಿಯ ಮೇಲೆ ಇಟ್ಟಳು. ಮುಂದೆ ನಡೆದ ಎಲ್ಲದಕ್ಕೂ ಅವಳ ಈ ಬೇಜವಾಬ್ದಾರಿಯೇ ಕಾರಣವೆಂದು ಮಂಡಳಿ ಇಂದಿಗೂ ನಂಬಿದೆ.

ಸರೋಜವ್ವ ಖಾರ ಮಾಡಿ ಮಾರುವವಳು. ಸವಣೂರಿನಲ್ಲಿ ಖಾರ ಮಾಡುವವರಿಗೆ ಬರವಿಲ್ಲ. ಆದರೆ ಇವಳ ಶೇವು, ಕಡಲೆ, ಕರಿಬೇವು ಬೆರೆತ ಖಾರಕ್ಕಾಗಿ ಹಾನಗಲ್ಲಿಗೆ ಹೋಗುವ ಬಸ್ಸಿನ ಡ್ರೈವರುಗಳು ಕೂಡ ಏನಾದರೊಂದು ನೆಪ ಹೇಳಿ ಓಣಿಯ ಬಾಯಿಗೆ ಬಸ್ಸು ನಿಲ್ಲಿಸುವುದುಂಟು. ಅವಳ ನಾಲಿಗೆ ಅವಳ ಖಾರಕ್ಕಿಂತ ಒಂದು ಚಿಟಿಕೆ ಹೆಚ್ಚು ಖಾರ. ಮಗ ಸೊಸೆ ಬೆಳಗಾದರೆ ಎಲೆಬಳ್ಳಿಯ ತೋಟಕ್ಕೆ ಹೋಗುವುದರಿಂದ ಮೊಮ್ಮಗಳು ತನುಜಾ ಹಗಲೆಲ್ಲ ಅಜ್ಜಿಯ ಪಾಲಿಗೆ. ತನುಜಾಳೊಂದಿಗೆ ಓಣಿಯ ಅಷ್ಟೂ ಮಕ್ಕಳು ಅಜ್ಜಿಯ ಪಾಲಿಗೆ. ಯಾಕೆಂದರೆ ಸ್ಥಿರ ಶಿಶು ಯೋಜನೆಯಡಿ ಮಂಡಳಿ ನಡೆಸುವ ಬಾಲವಾಡಿ ಅವಳ ಪಡಸಾಲೆಯಲ್ಲೇ ಇತ್ತು. ಭವನ ಕಟ್ಟಿ ಮುಗಿಯುವ ತನಕ ಎಂದು ತಾತ್ಕಾಲಿಕವಾಗಿ ಬಂದ ಮಕ್ಕಳು, ಭವನ ಮುಗಿದು ಉದ್ಘಾಟನೆಯಾದ ಮೇಲೂ ಅಲ್ಲೇ ಉಳಿದಿದ್ದರು. ಯಾರಿಗೂ ಅವರ ನೆನಪಾಗಿರಲಿಲ್ಲ. ಸರ್ಕಾರಿ ಮರೆವಿನಿಂದ ಒಳ್ಳೆಯದಾದ ಉದಾಹರಣೆಗಳಲ್ಲಿ ಇದೂ ಒಂದು.

ಅವಳ ಮನೆ ನಿಂತಿರುವುದು ಗರಸಿನ ದಿಬ್ಬದ ಮೇಲೆ. ಹಾರೆ ಹಾಕಿದರೆ ಹಾರೆಯ ಮೂತಿ ಮಣಿಯುವಂಥ ನೆಲ. ಒಂದೇ ಅಂತಸ್ತು, ಸಾಗವಾನಿ ಕಂಬ, ಕಂಬಕ್ಕೂ ತೊಲೆಗೂ ಮರದ ಬೆಣೆ, ಮೇಲೆ ಹಗುರ ಹಂಚು. ಆ ಸೋಮವಾರ ಬೆಣೆಗಳು ಕಿರ್ರೆಂದವು, ಕಂಬಗಳು ನಿದ್ದೆಯಿಂದ ಎದ್ದವರ ಹಾಗೆ ಮೈಮುರಿದು ನೆಟ್ಟಗಾದವು. ಅಷ್ಟೆ. ಇದನ್ನು ಮಾಡಿದ್ದು ತಮ್ಮ ಟೀಚರೇ ಎಂದು ತಿಳಿದ ಮಕ್ಕಳು ಇನ್ನೊಮ್ಮೆ ಮಾಡಿ ತೋರಿಸಬೇಕೆಂದು ನೀಲಾ ಟೀಚರಿಗೆ ಗಂಟುಬಿದ್ದರು.

ಎದುರಿನ ಭವನದ ಸಂಗತಿ ಬೇರೆ. ಓಣಿಯ ಹೆಸರೇ ಹೇಳುವಂತೆ ಅಲ್ಲಿ ಹಿಂದೆ ಹೊಂಡವಿತ್ತು. ಊರಿನ ಹಳೇ ಗೋಡೆಗಳ ಚೂರು, ಹರಿದ ಚೀಲ, ಎರೆಮಣ್ಣು, ಸತ್ತ ಟೈರು ಎಲ್ಲ ಸುರಿದು ಅದನ್ನು ತುಂಬಿಸಲಾಗಿತ್ತು. ಅದರ ಮೇಲೆ ಕಂಬಗಳು. ಕಂಬಗಳ ನಡುವೆ ಗೋಡೆ ಇಲ್ಲ, ಗಾಡಿ ನಿಲ್ಲಿಸಲು ಖಾಲಿ ಜಾಗ. ಆ ಕಂಬಗಳ ಮೇಲೆ ಮೂರು ಅಂತಸ್ತು, ಮೂರರ ಮೇಲೆ ಇಡೀ ಓಣಿಗೆ ಸಾಲುವಷ್ಟು ದೊಡ್ಡ ನೀರಿನ ಟಾಕಿ, ಟಾಕಿಯ ಪಕ್ಕದಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಮಂಡಳಿಯ ಅಧ್ಯಕ್ಷ ಕರಿಬಸಪ್ಪನವರ ಕೈಮುಗಿದ ಚಿತ್ರ. ಹೊಂಡ ತುಂಬಿಸಿದ ಗುತ್ತಿಗೆ ಕರಿಬಸಪ್ಪನವರದು. ಭವನ ಕಟ್ಟಿದ ಗುತ್ತಿಗೆಯೂ ಅವರದೇ. ನೆಲದ ಬಗ್ಗೆ ಇಷ್ಟು ಅನುಭವವಿರುವವರು ನಾಲ್ಕು ತಾಲ್ಲೂಕುಗಳಲ್ಲಿ ಬೇರೆ ಯಾರೂ ಇಲ್ಲವೆಂಬ ಕಾರಣಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಲಾಗಿತ್ತು.

ಮಂಡಳಿಯ ತುರ್ತು ಸಭೆಯನ್ನು ಮರುದಿನವೇ ಕರೆಯಲಾಯಿತು. ಭವನದಲ್ಲಿ ಫ್ಯಾನುಗಳ ರಿಪೇರಿ ನಡೆದಿದೆ ಎಂಬ ಕಾರಣದಿಂದ ಸಭೆ ಸರೋಜವ್ವನ ಪಡಸಾಲೆಯಲ್ಲಿ ಸೇರಿತು. ಚಳಿಗಾಲದಲ್ಲಿ ಫ್ಯಾನು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಮಕ್ಕಳನ್ನು ಒಂದು ಮೂಲೆಗೆ ಸರಿಸಿ, ಸದಸ್ಯರು ಜಮಖಾನೆಯ ಮೇಲೆ ಕುಳಿತರು. ಸರೋಜವ್ವ ಒಳಗಿನ ಬಾಗಿಲ ಬಳಿ ಕಡಲೆ ಹಿಟ್ಟು ಕಲಸುತ್ತ ಕೇಳುತ್ತಿದ್ದಳು.

ಮಂಡಳಿಗೆ ಇದ್ದ ಒಬ್ಬನೇ ಎಂಜಿನಿಯರ್ ನದೀಮ, ಹಾನಗಲ್ಲಿನ ಹುಡುಗ. ಅವನು ಎದ್ದು ನಿಂತ.

"ಸಾಹೇಬ್ರ, ಹೊಂಡ ತುಂಬಿದ ನೆಲ ಮೆತ್ತಗಿರತೈತ್ರಿ. ಗಟ್ಟಿ ನೆಲದಾಗ ಸಣ್ಣಗ ಬಂದ ನಡುಕ ಅಂಥಲ್ಲಿ ದೊಡ್ಡದಾಗತೈತಿ. ಅದರ ಮ್ಯಾಲ ನಮ್ಮ ಭವನಕ್ಕ ಬುಡದಾಗ ಗ್ವಾಡಿನ ಇಲ್ಲ, ಬರೇ ಕಂಬ. ತಲಿ ಮ್ಯಾಲ ನೋಡಿದ್ರ ಅಷ್ಟು ಭಾರ. ಈ ಸಲ ಸೀಳೈತಿ. ಮುಂದಿನ ಸಲ ಕುಂದರತೈತಿ."

"ಎಲ್ಲರಿಗೂ ತಿಳಿಯೂ ಹಂಗ ಹೇಳಪಾ," ಎಂದರು ಕರಿಬಸಪ್ಪ.

ನದೀಮ ಸುತ್ತ ನೋಡಿ, ಸರೋಜವ್ವನ ಹಿಟ್ಟಿನ ಪರಾತವನ್ನು ಕೇಳಿ ತಂದ. ಮೆತ್ತನೆಯ ಹಿಟ್ಟಿನಲ್ಲಿ ಕಸಬರಿಗೆಯ ನಾಲ್ಕು ಕಡ್ಡಿ ನಿಲ್ಲಿಸಿ, ಕಡ್ಡಿಗಳ ಮೇಲೆ ಒಂದು ರಟ್ಟಿನ ತುಂಡು, ರಟ್ಟಿನ ಮೇಲೆ ಒಂದು ಉಳ್ಳಾಗಡ್ಡಿ ಇಟ್ಟ. ಪಕ್ಕದಲ್ಲಿ, ಹಾಸುಗಲ್ಲಿನ ಮೇಲೆ, ಸರೋಜವ್ವನ ಚಪ್ಪಟೆ ಉಪ್ಪಿನ ಪೆಟ್ಟಿಗೆ ಇಟ್ಟ. ಆಮೇಲೆ ಕಲ್ಲಿಗೂ ಪರಾತಕ್ಕೂ ಮುಷ್ಟಿಯಿಂದ ಒಂದೊಂದು ಗುದ್ದು ಕೊಟ್ಟ. ಉಪ್ಪಿನ ಪೆಟ್ಟಿಗೆ ಇದ್ದಲ್ಲೇ ಇತ್ತು. ಕಡ್ಡಿಗಳು ವಾಲಿ ಉಳ್ಳಾಗಡ್ಡಿ ಉರುಳಿ ಕರಿಬಸಪ್ಪನವರ ತೊಡೆಗೆ ಬಂದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸದಸ್ಯರಿಗೂ ಖುಷಿಯಾಗಿ ಇನ್ನೊಮ್ಮೆ ತೋರಿಸಲು ಹೇಳಿದರು. ಇನ್ನೊಮ್ಮೆಯೂ ಬಿತ್ತು. ಉಳ್ಳಾಗಡ್ಡಿ ಬಿದ್ದದ್ದನ್ನು ಸಭೆ ಗಮನಿಸಿತು ಎಂದು ಕಾರ್ಯದರ್ಶಿ ರಾಜಕುಮಾರ ನಡವಳಿಯಲ್ಲಿ ಬರೆದುಕೊಂಡ.

ಸರೋಜವ್ವ ಪರಾತವನ್ನು ತನ್ನತ್ತ ಎಳೆದುಕೊಂಡಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಪಡಸಾಲೆಯಲ್ಲಿ ಅರ್ಥವಾಗದವರು ಯಾರೂ ಇರಲಿಲ್ಲ. ತೊಂದರೆ ಆಗಿದ್ದು ಅದರಿಂದಲೇ.

ಕರಿಬಸಪ್ಪನವರು ಉಳ್ಳಾಗಡ್ಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ನೆಲದ ತಪ್ಪು ಎಂದರೆ ನೆಲ ಮಾಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕಟ್ಟಡದ ತಪ್ಪು ಎಂದರೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಎರಡು ಪ್ರಶ್ನೆಗೂ ಒಂದೇ ಉತ್ತರವಿದ್ದಾಗ ಅನುಭವಸ್ಥರು ಮೂರನೆಯ ಪ್ರಶ್ನೆ ಕೇಳುತ್ತಾರೆ.

"ನದೀಮ, ನಿನ್ನ ಮಾತು ಖರೆ ಇರಬಹುದು," ಎಂದರು. "ಆದ್ರ ನಾ ಒಂದು ಕೇಳ್ತೇನಿ. ಊರಾಗ ದೊಡ್ಡದೊಂದು ಕಾರ್ಯ ಬಂದ್ರ ನಾವೇನು ಮಾಡ್ತೇವಿ?"

"ಪಟ್ಟಿ ಎತ್ತತೇವ್ರಿ," ಎಂದ ಒಬ್ಬ ಸದಸ್ಯ.

"ಹಾಂ. ಮನಿಮನಿಗೆ ಪಟ್ಟಿ ಹಾಕ್ತೇವಿ. ಉಳ್ಳವ ಒಂದು ಚೀಲ ಜ್ವಾಳ, ಇಲ್ಲದವ ಒಂದು ತೆಂಗಿನಕಾಯಿ. ಕೊಡಲಾರದ ಮನಿ ಇಲ್ಲ. ಈಗ ಈ ಭೂಕಂಪ ಯಾರಿಗೆ ಬಂತು? ಊರಿಗೆಲ್ಲ ಬಂತು. ಯಾರು ಕೊಟ್ರು? ಭವನ ಒಂದ ಕೊಟ್ಟಿತು! ಪಾಪ, ಊರ ಭಾರ ಎಲ್ಲಾ ತನ್ನ ಮೈಮ್ಯಾಲ ಹಾಕ್ಕೊಂಡು ಸೀಳಿತು. ಉಳಿದ ಮನಿಗೋಳು ತಮ್ಮ ಪಟ್ಟಿ ಕೊಡದ ಸುಮ್ಮನ ನಿಂತ್ವು."

ಹೀಗೆ ಹೇಳಿ ಅವರು ಸರೋಜವ್ವನ ಕಂಬಗಳನ್ನು, ನಂಬಿಕೆ ಕೆಟ್ಟ ನೆಂಟರನ್ನು ನೋಡುವಂತೆ ನೋಡಿದರು. ಸದಸ್ಯರೂ ನೋಡಿದರು. ಊರಿಗೆ ಊರೇ ಕೊಡುವಾಗ ತಾನೊಂದೇ ಕೈಕಟ್ಟಿ ನಿಂತ ಮನೆ ಎಷ್ಟು ಗಟ್ಟಿಯಾಗಿದ್ದರೇನು, ಮರ್ಯಾದೆಯ ಮನೆಯಲ್ಲ ಎಂಬುದು ಎಲ್ಲರಿಗೂ ಹುಟ್ಟಿನಿಂದ ಗೊತ್ತಿದ್ದ ವಿಚಾರ. ನದೀಮನ ವಿಜ್ಞಾನ ಅದರ ಮುಂದೆ ನಿಲ್ಲಲಿಲ್ಲ.

ಅಂದೇ ಭೂಕಂಪ ಹಾನಿ ಸಮಹಂಚಿಕೆ ನಿಯಮಾವಳಿ ಸಿದ್ಧವಾಯಿತು. ಅದರ ಪ್ರಕಾರ ಪ್ರತಿಯೊಂದು ಮನೆಯೂ ತನ್ನ ಪಾಲಿನ ಬಿರುಕನ್ನು ನೀಡತಕ್ಕದ್ದು. ಬಿರುಕು ನೀಡಿದ ಕಟ್ಟಡವು ತನ್ನ ಹಾನಿಯನ್ನು ಪೂರೈಸಿರುವುದರಿಂದ ಅದನ್ನು ಹಾನಿಮುಕ್ತವೆಂದು, ಅಂದರೆ ಸುರಕ್ಷಿತವೆಂದು, ಭಾವಿಸತಕ್ಕದ್ದು. ಬಿರುಕು ನೀಡದ ಕಟ್ಟಡದೊಳಗೆ ಅದರ ಪಾಲಿನ ಭೂಕಂಪವು ಇನ್ನೂ ಉಳಿದುಕೊಂಡಿದ್ದು ಯಾವ ಗಳಿಗೆಯಲ್ಲಾದರೂ ಹೊರಬರಬಹುದಾದ್ದರಿಂದ, ಅಂಥ ಕಟ್ಟಡವನ್ನು ಅಪಾಯಕಾರಿಯೆಂದು ಘೋಷಿಸತಕ್ಕದ್ದು. ನದೀಮನ ಸೇವೆಯನ್ನು ಶ್ಲಾಘಿಸಿ ಅವನನ್ನು ಹಿರೇಕೆರೂರಿಗೆ ಗುಡ್ಡ ನಿಗಾ ಅಧಿಕಾರಿಯಾಗಿ ವರ್ಗ ಮಾಡಲಾಯಿತು. ಅಲ್ಲಿನ ಗುಡ್ಡಗಳು ಇದ್ದಲ್ಲೇ ಇವೆಯೇ ಎಂದು ಬೆಳಿಗ್ಗೆ ಮತ್ತು ಸಂಜೆ ನೋಡಿ ತಿಳಿಸುವುದು ಅವನ ಕೆಲಸ. ಈವರೆಗೆ ಎಲ್ಲವೂ ಇದ್ದಲ್ಲೇ ಇವೆ.

ಮೂರ್ನಾಲ್ಕು ದಿನಗಳಲ್ಲಿ ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಲಾಯಿತು: "ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ. ತಮ್ಮ ತಮ್ಮ ಮನೆಗಳ ಬಿರುಕನ್ನು ತೋರಿಸಿ ಸುರಕ್ಷತಾ ಫಲಕ ಪಡೆಯಿರಿ. ಬಿರುಕು ಇಲ್ಲದವರು ಗಾಬರಿಯಾಗಬೇಕಿಲ್ಲ. ಮಂಡಳಿಯ ಅಧಿಕೃತ ಬಿರುಕುಗಾರರು ತಮ್ಮ ಮನೆ ಬಾಗಿಲಿಗೇ ಬರುತ್ತಾರೆ."

ಊರು ಹೊಂದಿಕೊಂಡಿತು. ಊರುಗಳು ಹೊಂದಿಕೊಳ್ಳುತ್ತವೆ. ಕಟ್ಟಿದ ವರ್ಷದಿಂದಲೇ ಮನೆ ಸೀಳಿಕೊಂಡು ಮಳೆಗಾಲಕ್ಕೆ ತಗಡು ಮುಚ್ಚುತ್ತಿದ್ದ ಯಲ್ಲಪ್ಪನನ್ನು, ಭೂಕಂಪಕ್ಕೆ ಮೊದಲೇ ಮುಂಗಡವಾಗಿ ಪಾಲು ನೀಡಿದ ಆದರ್ಶ ನಾಗರಿಕನೆಂದು ಕರೆದು ಶಾಲು ಹೊದಿಸಲಾಯಿತು. ನೆಲ ಅಲುಗಿದ್ದೇ ಗೊತ್ತಾಗದ ಶಿಗ್ಗಾಂವಿಯವರು, ತಮ್ಮನ್ನು ಬಿಟ್ಟು ಸವಣೂರಿನವರೇ ಎಲ್ಲ ಬಿರುಕು ಹಂಚಿಕೊಂಡರೆಂದು ಮನವಿ ಕೊಟ್ಟರು. ಹಿರೇಬೆಂಡಿಗೇರಿಯ ರೈತರು ತಮ್ಮ ಎರೆಹೊಲಗಳು ಪ್ರತಿ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದರು. ಹೊಲದ ಬಿರುಕು ಅಡ್ಡ ಬಿರುಕು, ಮಂಡಳಿಯ ವ್ಯಾಪ್ತಿ ಉದ್ದ ಬಿರುಕಿಗೆ ಮಾತ್ರ ಎಂದು ಅವರಿಗೆ ತಿಳಿಸಲಾಯಿತು.

ಸ್ಥಿರತಾ ಭವನಕ್ಕೆ ಮೊದಲ ಸುರಕ್ಷತಾ ಫಲಕ ಸಿಕ್ಕಿತು. ಅದರ ಬಿರುಕುಗಳು ಅಷ್ಟು ದೊಡ್ಡವಿದ್ದವು. ಫಲಕದ ಪಕ್ಕದಲ್ಲಿ ಬಿರುಕು ಕಾಣುವುದು ಶೋಭೆಯಲ್ಲವೆಂದು ಅವುಗಳಿಗೆ ಸಿಮೆಂಟು ಮೆತ್ತಿ, ತಿಳಿಹಸಿರು ಬಣ್ಣ ಬಳಿಯಲಾಯಿತು. ಸರೋಜವ್ವನ ಮನೆಯ ಬಾಗಿಲಿಗೆ ಕೆಂಪು ಫಲಕ ಬಂತು: ಈ ಮನೆ ಬಿರುಕು ಬಿಟ್ಟಿರುವುದಿಲ್ಲ. ಎಚ್ಚರಿಕೆ.

ಫಲಕ ಬಂದ ಬೆನ್ನಿಗೇ ಆದೇಶವೂ ಬಂತು. ಅಪಾಯಕಾರಿ ಮನೆಯಲ್ಲಿರುವ ಬಾಲವಾಡಿಯನ್ನು ಕೂಡಲೇ ಹಾನಿಮುಕ್ತ ಕಟ್ಟಡವಾದ ಸ್ಥಿರತಾ ಭವನದ ಮೂರನೇ ಅಂತಸ್ತಿಗೆ ಸ್ಥಳಾಂತರಿಸತಕ್ಕದ್ದು.

ಮಕ್ಕಳು ತಮ್ಮ ತಾಟು ಲೋಟ ಹಿಡಿದು, ಒಬ್ಬರ ಅಂಗಿ ಒಬ್ಬರು ಹಿಡಿದು, ರಸ್ತೆ ದಾಟಿ ಆ ಗೋಡೆಯಿಲ್ಲದ ಕಂಬಗಳ ನಡುವೆ ಹಾದು ಮೆಟ್ಟಿಲು ಹತ್ತುವುದನ್ನು ಸರೋಜವ್ವ ಕಟ್ಟೆಯ ಮೇಲೆ ನಿಂತು ನೋಡಿದಳು. ತನುಜಾ ಮೇಲಿನ ಕಿಟಕಿಯಿಂದ ಕೈಬೀಸಿದಳು. ಸರೋಜವ್ವನೂ ಕೈಬೀಸಿದಳು. ಕಣ್ಣು ಮಾತ್ರ ಕಂಬಗಳ ಮೇಲೆ ಇತ್ತು, ಮತ್ತು ಅವಳಿಗೆ ಕಾಣುತ್ತಿದ್ದದ್ದು ಹಿಟ್ಟಿನಲ್ಲಿ ವಾಲಿದ ಕಸಬರಿಗೆಯ ನಾಲ್ಕು ಕಡ್ಡಿ.

ಆ ಸಂಜೆ ರಾಜಕುಮಾರ ಸಭೆಯ ಜಮಖಾನೆ ಹಾಸಲು ಬಂದ. ಭವನದ ಫ್ಯಾನುಗಳ ರಿಪೇರಿ ಇನ್ನೂ ಮುಗಿಯದ ಕಾರಣ ಮಂಡಳಿ ತನ್ನ ಎಲ್ಲ ಸಭೆಗಳನ್ನು ಅಪಾಯಕಾರಿ ಮನೆಯಲ್ಲೇ ನಡೆಸುವುದಾಗಿ ತೀರ್ಮಾನಿಸಿತ್ತು. ಸರೋಜವ್ವ ಅವನನ್ನು ಬಾಗಿಲಲ್ಲೇ ಹಿಡಿದಳು.

"ಏನಪಾ ರಾಜಕುಮಾರ, ನನ್ನ ಮನಿ ಅಷ್ಟು ಖತರನಾಕ ಇದ್ರ ನೀವ್ಯಾಕ ಬಂದು ಕುಂದರತೀರಿ?"

"ನಾವು ಅಧಿಕಾರಿಗಳು, ಅಕ್ಕಾರ. ಅಪಾಯ ಎಲ್ಲಿರತೈತಿ ಅಲ್ಲಿ ಇರೂದು ನಮ್ಮ ಕರ್ತವ್ಯರಿ."

"ಮತ್ತ ಕೂಸುಗಳು?"

"ಅವರನ್ನ ಸುರಕ್ಷಿತ ಜಾಗಾಕ್ಕ ಕಳಿಸೂದೂ ನಮ್ಮ ಕರ್ತವ್ಯರಿ. ಅದಕ್ಕ ಆ ಕಡೆ ಕಳಿಸೇವಿ."

"ಅಲ್ಲೋ, ನದೀಮ ಹೇಳಿದ್ದು ನೀನೂ ಕೇಳಿದಿ. ಉಳ್ಳಾಗಡ್ಡಿ ಬಿದ್ದದ್ದು ನೀನೂ ನೋಡಿದಿ."

"ನೋಡೇನ್ರಿ. ಬರದೂ ಇಟ್ಟೇನಿ," ಎಂದ ರಾಜಕುಮಾರ. ಆಮೇಲೆ ದನಿ ತಗ್ಗಿಸಿ, "ನಿಮಗ ಅಷ್ಟು ಅಂಜಿಕಿ ಇದ್ರ ತನುಜಾನ್ನ ಮನ್ಯಾಗ ಇಟ್ಕೊಳ್ರಿ. ನಾ ಹಾಜರಿ ಹಾಕ್ತೇನಿ. ನನ್ನ ಮಗನ್ನೂ ನಾ ಕಳಸಾಕತ್ತಿಲ್ಲ," ಎಂದ.

ಸರೋಜವ್ವ ಅವನ ಮುಖವನ್ನೇ ನೋಡಿದಳು. "ನನ್ನ ಕೂಸು ತಗದು ಮನ್ಯಾಗ ಕುಂದರಿಸಿದ್ರ, ಉಳಿದ ಕೂಸುಗಳು ಏನು ಕಲ್ಲಿನ ಹೊಟ್ಟ್ಯಾಗ ಹುಟ್ಟ್ಯಾವು?"

ರಾಜಕುಮಾರ ಜಮಖಾನೆಯ ಮಡಿಕೆ ಬಿಡಿಸುತ್ತ ಕುಳಿತ. ಓಣಿಯ ತಾಯಂದಿರಿಗೂ ಅಂಜಿಕೆ ಇರಲಿಲ್ಲವೆಂದಲ್ಲ. ಆದರೆ ಅವರು ಕೂಲಿಗೆ ಹೋಗುವ ಹೊತ್ತಿಗೆ ಬಾಗಿಲು ತೆರೆದಿರುವುದು ಬಾಲವಾಡಿ ಒಂದೇ, ಮಧ್ಯಾಹ್ನ ಬಿಸಿ ಅನ್ನ ಸಿಗುವುದೂ ಅಲ್ಲೇ. ಮಕ್ಕಳು ಎಲ್ಲಿ ಉಣ್ಣುತ್ತಾರೋ ಅಲ್ಲಿಗೇ ಹೋಗಬೇಕಲ್ಲ.

ಕೊನೆಗೆ ರಾಜಕುಮಾರನೇ ಹೇಳಿದ: "ಅಕ್ಕಾರ, ಒಂದ ಒಂದು ಬಿರುಕು ಕೊಡ್ರಿ. ಜಾಸ್ತಿ ಬ್ಯಾಡ. ನಿಮ್ಮ ಮನಿನೂ ಹಾನಿಮುಕ್ತ ಆಗತೈತಿ, ಕೂಸುಗಳೂ ವಾಪಸ ಬರ್ತಾವು."

ಮರುದಿನ ಅಧಿಕೃತ ಬಿರುಕುಗಾರ ದುರ್ಗೇಶ ತನ್ನ ಕೊರೆಯುವ ಮಷೀನು ಹೊತ್ತು ಬಂದ. ಊರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಹೊಸ ಮನೆಗಳಿಗಂತೂ ಬರೀ ಸುತ್ತಿಗೆ ತೋರಿಸಿದರೆ ಸಾಕು, ಸೀಳುತ್ತವೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಸರೋಜವ್ವನ ಗೋಡೆಗೆ ಅವನು ಮಷೀನು ಹಚ್ಚಿದಾಗ ಮಣ್ಣು ಪುಸಪುಸನೆ ಉದುರಿ ಒಂದು ತೂತಾಯಿತು. ತೂತು ಬಿರುಕಲ್ಲ. ದೊಡ್ಡ ಸುತ್ತಿಗೆಯಿಂದ ಕಂಬಕ್ಕೆ ಹೊಡೆದ. ಇಡೀ ಮನೆ ಕಿರ್ರೆಂದು, ಏಟನ್ನು ತೊಲೆಯಿಂದ ತೊಲೆಗೆ ದಾಟಿಸಿ, ಸುಮ್ಮನಾಯಿತು. ಮಧ್ಯಾಹ್ನದ ತನಕ ಹೊಡೆದು ದುರ್ಗೇಶ ಕಟ್ಟೆಯ ಮೇಲೆ ಕುಸಿದು ಕುಳಿತ.

"ಅವ್ವಾರ, ನಿಮ್ಮ ಮನಿಗೆ ಮರ್ಯಾದಿ ಇಲ್ರಿ. ಹೊಡದ್ರ ನಗತೈತಿ."

"ನನ್ನ ಮಾವ ಕಟ್ಟಿಸಿದ್ದಪಾ. ಅವನೂ ಹಂಗ ಇದ್ದ," ಎಂದು ಸರೋಜವ್ವ ಅವನ ಮುಂದೆ ಒಂದು ತಾಟು ಖಾರ, ಒಂದು ತಂಬಿಗೆ ನೀರು ಇಟ್ಟಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತನ್ನ ಮನೆಯ ಮೇಲೆ ಸಿಟ್ಟು ಬಂದಿತ್ತು. ಇಷ್ಟು ಗಟ್ಟಿಯಾಗಿ ನಿಂತು ಯಾರಿಗೆ ಉಪಕಾರವಾಯಿತು?

ಅವಳು ಎದ್ದು ಒಲೆಯ ಹತ್ತಿರ ಹೋದಳು. ಬಾಣಲಿಯ ಬೆನ್ನಿನ ಮಸಿಯನ್ನು ಕೆರೆದು, ಅದಕ್ಕೆ ಎಣ್ಣೆ ಬೆರೆಸಿ, ಬೆರಳಿಗೆ ಹಚ್ಚಿಕೊಂಡು ಪಡಸಾಲೆಯ ಗೋಡೆಗೆ ಬಂದಳು. ಮಧ್ಯಾಹ್ನದ ಬಿಡುವಿಗೆ ಬಂದಿದ್ದ ನೀಲಾ ಟೀಚರ್ ಬೆರಗಾಗಿ ನಿಂತಳು.

"ಏನ್ ಮಾಡಾಕತ್ತೀರಿ, ಸರೋಜಕ್ಕಾರ?"

"ಪಟ್ಟಿ ಕೊಡಾಕತ್ತೇನಿ."

ರಂಗೋಲಿ ಹಾಕಿ ಪಳಗಿದ ಕೈ. ಸೂರಿನ ಕೆಳಗಿನಿಂದ ಹೊರಟ ಗೆರೆ ಅಂಕುಡೊಂಕಾಗಿ ಇಳಿದು, ಕಿಟಕಿಯ ಹತ್ತಿರ ಕವಲೊಡೆದು, ನೆಲ ಮುಟ್ಟುವ ಹೊತ್ತಿಗೆ ನೂಲಿನಷ್ಟು ತೆಳ್ಳಗಾಯಿತು. ದುರ್ಗೇಶ ತಿನ್ನುವುದನ್ನು ಬಿಟ್ಟು ಬಂದು ನೋಡಿದ. ಕವಲು ಒಡೆದಲ್ಲಿ ಸ್ವಲ್ಪ ದಪ್ಪ ಇದ್ದರೆ ಖರೇದರ ಹಾಗೆ ಕಾಣುತ್ತದೆ ಎಂದು ಸಲಹೆ ಕೊಟ್ಟ. ಅನುಭವದ ಮಾತು, ಸರೋಜವ್ವ ದಪ್ಪ ಮಾಡಿದಳು.

ತಪಾಸಣೆಗೆ ಕರಿಬಸಪ್ಪನವರೇ ಬಂದರು. ಗೋಡೆಯನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಬೆರಳಿನಿಂದ ಮುಟ್ಟಿದರು. ಬೆರಳು ಕಪ್ಪಾಯಿತು. ಕರಿಬಸಪ್ಪನವರು ಕಪ್ಪು ಬೆರಳನ್ನು ನೋಡಿದರು, ರಾಜಕುಮಾರ ಅದನ್ನು ನೋಡದಂತೆ ಸೂರು ನೋಡಿದ. ಎದುರಿನ ಭವನದ ತಿಳಿಹಸಿರು ಗೋಡೆ ಬಾಗಿಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಇದ್ದ ಬಿರುಕನ್ನು ಬಣ್ಣದಿಂದ ಮುಚ್ಚಬಹುದಾದರೆ ಇಲ್ಲದ ಬಿರುಕನ್ನು ಬಣ್ಣದಿಂದ ತರಬಾರದೆನ್ನಲು ಬರುವುದಿಲ್ಲ ಎಂಬುದು ಅವರಂಥ ನ್ಯಾಯಸ್ಥರಿಗೆ ಹೊಳೆಯದೆ ಇರಲಿಲ್ಲ.

"ಚಂದ ಸೀಳೈತಿ," ಎಂದು ಹೇಳಿ ಅವರು ಬೆರಳನ್ನು ಜಮಖಾನೆಗೆ ಒರೆಸಿದರು.

ಕೆಂಪು ಫಲಕ ಹೋಗಿ ಹಸಿರು ಫಲಕ ಬಂತು. ಮಕ್ಕಳು ತಾಟು ಲೋಟ ಬಡಿಯುತ್ತ ರಸ್ತೆ ದಾಟಿ ಬಂದರು. ತನುಜಾ ಅಜ್ಜಿಯ ಸೊಂಟ ತಬ್ಬಿಕೊಂಡಳು. ಅಂದು ಸರೋಜವ್ವ ಎರಡು ಬಾಣಲಿ ಖಾರ ಮಾಡಿ ಓಣಿಗೆಲ್ಲ ಹಂಚಿದಳು. ಗೋಡೆಯ ಮೇಲೆ ಸುಳ್ಳು ಬರೆದದ್ದಕ್ಕೆ ಅವಳಿಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. ಅವಳ ಮನಸ್ಸು ಹೂವಿನಷ್ಟು ಹಗುರವಾಗಿತ್ತು.

ಅದು ಒಂದು ವಾರ ಇತ್ತು.

ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯರು ಒಂದು ಸೂಕ್ಷ್ಮ ವಿಷಯ ಎತ್ತಿದರು. ಈಗ ಭವನವೂ ಹಾನಿಮುಕ್ತ, ಸರೋಜವ್ವನ ಮನೆಯೂ ಹಾನಿಮುಕ್ತ. ಎರಡೂ ಸಮಾನ ಸುರಕ್ಷಿತ. ಹಾಗಿದ್ದ ಮೇಲೆ ಮಕ್ಕಳೆಲ್ಲ ಒಂದೇ ಕಡೆ ಇರುವುದು ಇನ್ನೊಂದು ಕಟ್ಟಡದ ಮೇಲೆ ಅಪನಂಬಿಕೆ ತೋರಿಸಿದಂತಲ್ಲವೇ? ಸಮಾನತೆಯೇ ಮೂಲ ತತ್ವವಾಗಿರುವ ಮಂಡಳಿಗೆ ಇದು ಕಳಂಕವಲ್ಲವೇ? ಸಭೆ ಒಂದೇ ಮಾತಿನಲ್ಲಿ ಒಪ್ಪಿತು. ಸೋಮವಾರ, ಬುಧವಾರ, ಶುಕ್ರವಾರ ಬಾಲವಾಡಿ ಸರೋಜವ್ವನ ಪಡಸಾಲೆಯಲ್ಲಿ. ಮಂಗಳವಾರ, ಗುರುವಾರ, ಶನಿವಾರ ಸ್ಥಿರತಾ ಭವನದ ಮೂರನೇ ಅಂತಸ್ತಿನಲ್ಲಿ.

ಒಳಬಾಗಿಲಲ್ಲಿ ನಿಂತಿದ್ದ ಸರೋಜವ್ವ ಮಂಡಳಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಸಭೆಯ ನಡುವೆ ಮಾತಾಡಿದಳು.

"ಯಜಮಾನ್ರ, ಒಂದು ಕೇಳ್ತೇನಿ. ಮುಂದಿನ ಭೂಕಂಪ ಯಾವ ವಾರ ಬರತೈತ್ರಿ?"

ಪ್ರಶ್ನೆ ನಿಯಮಬದ್ಧವಾಗಿತ್ತು. ಕರಿಬಸಪ್ಪನವರು ಯೋಚಿಸಿ, ಮಕ್ಕಳ ಹಿತದೃಷ್ಟಿಯಿಂದ ಮುಂದಿನ ಭೂಕಂಪವು ಭಾನುವಾರದಂದೇ ಸಂಭವಿಸಬೇಕೆಂದು ಮಂಡಳಿ ಆಶಿಸುತ್ತದೆ ಎಂಬ ಠರಾವು ಮಂಡಿಸಿದರು. ಅದು ಸರ್ವಾನುಮತದಿಂದ ಪಾಸಾಯಿತು. ಎಲ್ಲರೂ ಚಹಾ ಕುಡಿದರು. ಸಂಜೆ ಸರೋಜವ್ವ ಹಿರೇಕೆರೂರಿಗೆ ಫೋನು ಹಚ್ಚಿ ನದೀಮನಿಗೆ ಎಲ್ಲ ಹೇಳಿದಳು.

"ಅವರ ಠರಾವಿಗೆ ಭೂಕಂಪ ಕಿವಿ ಕೊಡಂಗಿಲ್ರಿ, ಅಕ್ಕಾರ," ಎಂದ ಅವನು. ಆಮೇಲೆ, "ನೆಲ ಅಲುಗಾಡಾಕ ಶುರುವಾದ ಮ್ಯಾಲ ಕೂಸುಗಳನ್ನ ಕೆಳಗ ಇಳಿಸಾಕ ಬಾಳ ಹೊತ್ತು ಸಿಗಂಗಿಲ್ಲ. ಯಾರರ ಒಬ್ರು ಬಾಜೂಕ ಇದ್ರ..." ಎಂದು ಮಾತು ಅಲ್ಲಿಗೇ ಬಿಟ್ಟ.

ಆವತ್ತಿನಿಂದ ಮಂಗಳವಾರ, ಗುರುವಾರ, ಶನಿವಾರ ಸರೋಜವ್ವ ಒಲೆ ಹಚ್ಚುವುದಿಲ್ಲ. ಕಾದ ಎಣ್ಣೆಯ ಬಾಣಲಿಯನ್ನು ಬಿಟ್ಟು ಒಮ್ಮೆಲೇ ಓಡಲು ಬರುವುದಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಾಲಿಗೇ ಇಟ್ಟುಕೊಂಡು, ಭವನದ ಮೆಟ್ಟಿಲಿನ ಕೆಳಗೆ ಒಂದು ಚಾಪೆ ಹಾಕಿ ಬೆಳಗಿನಿಂದ ಬಾಲವಾಡಿ ಬಿಡುವ ತನಕ ಕುಳಿತಿರುತ್ತಾಳೆ. ಕಬ್ಬಿನ ಲಾರಿ ಹೋಗಿ ಕಂಬಗಳು ಗುಂಯ್ ಎಂದಾಗಲೆಲ್ಲ ಎದ್ದು ನಿಲ್ಲುತ್ತಾಳೆ. ಲಾರಿ ದಾಟಿ ಹೋದ ಮೇಲೆ ಕುಳಿತುಕೊಳ್ಳುತ್ತಾಳೆ. ಮೂರನೇ ಅಂತಸ್ತಿನಿಂದ ನೀಲಾ ಟೀಚರ್ ಆಗಾಗ ಬಗ್ಗಿ ನೋಡಿ, ಅವಳು ಇದ್ದಾಳೆಂದು ಖಾತ್ರಿ ಮಾಡಿಕೊಂಡು ಪಾಠ ಮುಂದುವರಿಸುತ್ತಾಳೆ.

ಮೊದಮೊದಲು ಊರು ಗೊಣಗಿತು. ಬಸ್ಸಿನ ಡ್ರೈವರುಗಳು ಹಾರ್ನು ಹೊಡೆದು ನಿರಾಶರಾದರು. ಆಮೇಲೆ ಮಂಡಳಿ ಈ ಮೂರು ದಿನಗಳನ್ನು ಸಾರ್ವಜನಿಕರ ಆರೋಗ್ಯದ ದೃಷ್ಟಿಯಿಂದ ಖಾರವರ್ಜಿತ ದಿನಗಳೆಂದು ಘೋಷಿಸಿ ಬೋರ್ಡು ಹಾಕಿಸಿತು. ಸಭೆಗಳು ಈಗಲೂ ಸರೋಜವ್ವನ ಪಡಸಾಲೆಯಲ್ಲಿ, ಅದೇ ಮಂಗಳವಾರಗಳಲ್ಲಿ ನಡೆಯುತ್ತವೆ. ಮಕ್ಕಳಿಲ್ಲದ ದಿನ ಗದ್ದಲ ಕಡಿಮೆ ಎಂದು ಸದಸ್ಯರು ಹೇಳುತ್ತಾರೆ.

ಮೊನ್ನೆ ಒಂದು ಗುರುವಾರ ರಟ್ಟೀಹಳ್ಳಿಯಿಂದ ಬಂದವರೊಬ್ಬರು ಸವಣೂರಿನ ಅಂಗಡಿಯಲ್ಲಿ ಖಾರ ಕೇಳಿದರು. ಬೀಗರ ಮನೆಗೆ ಒಯ್ಯಬೇಕು, ಸರೋಜವ್ವನ ಖಾರವೇ ಬೇಕು ಎಂದರು.

"ಇವತ್ತು ಸಿಗಂಗಿಲ್ರಿ," ಎಂದ ಅಂಗಡಿಯವನು. "ಇವತ್ತು ಕೂಸುಗಳು ಆ ಕಡೆ ಅದಾವು."

"ಹೌದಲ್ಲಾ, ಗುರುವಾರ," ಎಂದು ಅವರು ತಲೆಯಾಡಿಸಿ ಎರಡು ಪೊಟ್ಟಣ ಬಿಸ್ಕತ್ತು ಕಟ್ಟಿಸಿಕೊಂಡು ಹೋದರು.